ಪಾನಾ ಬೋರ್ಡ್ ಮೂರು ಸಲ ಕಟ್ಟಿದ್ದು: ಓರೆ, ಚಿಲ್ಲಾಪಿಲ್ಲಿ, ಕೊನೆಗೆ ನೇರ

ಮಾವನ ಗ್ಯಾರೇಜು ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿದೆ. ಎರಡು ಬೈಕು ನಿಲ್ಲಿಸಿದರೆ ಮೂರನೆಯದು ರಸ್ತೆಯಲ್ಲೇ. ಸಾಮಾನು ಇಡೋಕೆ ಉದ್ದಕ್ಕೆ ಸೀಳಿದ ಒಂದು ಆಯಿಲ್ ಡಬ್ಬ. ಅದರೊಳಗೆ ಪಾನಾ (ನಟ್ಟು ಬಿಚ್ಚುವ ಸ್ಪ್ಯಾನರ್), ಇಕ್ಕಳ, ಸ್ಕ್ರೂಡ್ರೈವರ್, ಟಿ ಪಾನಾ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಒಂದೊಂದರ ಮುಖ ಒಂದೊಂದು ದಿಕ್ಕಿಗೆ. "12-13 ಎಲ್ಲೈತಿ?" ಅಂತ ಮಾವ 12, 13 ಎಂಎಂ ಬಾಯಿಗಳ ಪಾನಾ ಕೇಳುವುದು, ಕೆಲಸದ ಹುಡುಗ ಡಬ್ಬಕ್ಕೆ ಕೈ ಹಾಕಿ ಗಳಗಳ ಅಲ್ಲಾಡಿಸುವುದು. ದಿನವಿಡೀ ಇದೇ ಸದ್ದು.

ನಾನು ಮೆಕ್ಯಾನಿಕ್ ಅಲ್ಲ. ವಾರವಿಡೀ ಆಫೀಸು, ಭಾನುವಾರ ಮಾವನ ಗ್ಯಾರೇಜು. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದೆ. ಅದು ಹೊಟ್ಟೆಗೆ ಹಾಕಲಿಲ್ಲ, ಆದರೆ ತಲೆಯಿಂದ ಪೂರ್ತಿ ಹೋಗಿಯೂ ಇರಲಿಲ್ಲ.

ಒಂದು ಭಾನುವಾರ ಸುಮ್ನೆ ಕೂತು ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆದೆ. ಮಾವ ಕೇಳಿದ ಕ್ಷಣದಿಂದ ಪಾನಾ ಹುಡುಗನ ಕೈಗೆ ಬರುವ ತನಕ. 20 ಸಲ ಬರೆದುಕೊಂಡೆ, ಸರಾಸರಿ 11 ಸೆಕೆಂಡು ಬಂತು. ಸರಾಸರಿಯನ್ನು ಮೇಲಕ್ಕೆ ಎಳೆದದ್ದು ಎರಡು ಹುಡುಕಾಟ. ಎರಡರಲ್ಲೂ ಬೇಕಾದ ಪಾನಾ ಡಬ್ಬದಲ್ಲಿ ಇರಲೇ ಇಲ್ಲ. ಒಂದು ಬೈಕಿನ ಸೀಟಿನ ಕೆಳಗೆ, ಇನ್ನೊಂದು ಮಾವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ. ಇರುವುದನ್ನು ಹುಡುಕುವಾಗ ಸಿಕ್ಕ ತಕ್ಷಣ ನಿಲ್ಲಿಸುತ್ತೇವೆ. ಇಲ್ಲದ್ದನ್ನು ಹುಡುಕುವಾಗ ಎಲ್ಲವನ್ನೂ ನೋಡಿ ಮುಗಿಸಬೇಕು. ಪ್ರಯೋಗಶಾಲೆಯಲ್ಲೂ ಹೀಗೇ ಕಂಡಿದೆ. ಒಂದೊಂದಾಗಿ ನೋಡುತ್ತಾ ಹೋಗುವ ಕಷ್ಟದ ಹುಡುಕಾಟದಲ್ಲಿ, ಪರದೆಯ ಮೇಲೆ ಒಂದು ವಸ್ತು ಹೆಚ್ಚಾದರೆ ಸುಮಾರು 20ರಿಂದ 30 ಮಿಲಿಸೆಕೆಂಡು ಹೆಚ್ಚು ಹಿಡಿಯುತ್ತದೆ. "ಇಲ್ಲ" ಎಂದು ಹೇಳಬೇಕಾದಾಗ ಹೆಚ್ಚುಕಡಿಮೆ ಅದರ ಎರಡರಷ್ಟು. ಮಾವನ ಡಬ್ಬದಲ್ಲಿ ಲೆಕ್ಕ ಸೆಕೆಂಡುಗಳಲ್ಲಿತ್ತು, ಅಷ್ಟೇ ವ್ಯತ್ಯಾಸ. ಅಲ್ಲಿ ಒಂದರ ಕೆಳಗೆ ಇನ್ನೊಂದು ಮುಚ್ಚಿಹೋಗಿರುತ್ತದೆ, ಮೇಲೆ ಗ್ರೀಸು ಬೇರೆ.

ಬೋರ್ಡ್ ಮಾಡೋಣ ಅಂದೆ. ಮಾವ, "ಮಾಡಪಾ, ರೊಕ್ಕ ಮಾತ್ರ ಕೇಳಬೇಡ" ಅಂದರು.

ಮೊದಲನೇ ಬೋರ್ಡ್

12 ಎಂಎಂ ಪ್ಲೈವುಡ್, 4 ಅಡಿ ಅಗಲ, 3 ಅಡಿ ಎತ್ತರ. ಅಂಚಿಗೆ ಮರಳು ಕಾಗದ ಉಜ್ಜಿ, ಒಂದು ಕೈ ಪ್ರೈಮರ್, ಎರಡು ಕೈ ಬಿಳಿ ಎನಾಮಲ್. ಗೋಡೆಗೆ ಹಾಕುವ ಮೊದಲೇ ಬಿಳಿ ಬಣ್ಣದ ಮೇಲೆ ಮಾವನ ಐದು ಬೆರಳೂ ಮೂಡಿದ್ದವು. ಇರಲಿ, ಗ್ಯಾರೇಜು ಅಂದಮೇಲೆ ಅಷ್ಟೇ.

ಮಾವ ಮಣೆಯ ಮೇಲೆ ಕೂತು ಕೆಲಸ ಮಾಡುತ್ತಾರೆ. ಬೋರ್ಡ್ ಅವರ ಬಲಗಡೆ ಗೋಡೆಗೆ. ಹಿಡಿ ಅವರ ಕೈ ಕಡೆ ವಾಲಿರಲಿ ಅಂತ ಎಲ್ಲ ಪಾನಾಗಳನ್ನೂ ಸುಮಾರು 20 ಡಿಗ್ರಿ ಓರೆಯಾಗಿ ನೇತುಹಾಕುವ ಯೋಚನೆ ಮಾಡಿದೆ. ಒಂದೊಂದಕ್ಕೆ ಎರಡು ಮೊಳೆ: ಒಂದು ಭಾರ ಹೊರೋಕೆ, ಇನ್ನೊಂದು ಓರೆಯಾಗಿ ತಡೆದು ನಿಲ್ಲಿಸೋಕೆ. ಮಗಳ ಕಂಪಾಸ್ ಬಾಕ್ಸಿನಿಂದ ಕೋನಮಾಪಕ ಕದ್ದು ಗೆರೆ ಎಳೆದೆ. ನೋಡೋಕೆ ಚಂದ ಇತ್ತು. ಅಳೆದರೆ ಸರಾಸರಿ 4 ಸೆಕೆಂಡು. ನಾನು ಗೆದ್ದೆ ಅಂದುಕೊಂಡೆ.

ತೊಂದರೆ ಶುರುವಾದದ್ದು ವಾಪಸ್ ಇಡುವಾಗ. ಅವಸರದಲ್ಲಿ ಹುಡುಗ ಒಂದೇ ಮೊಳೆಗೆ ಸಿಕ್ಕಿಸಿಬಿಡುತ್ತಿದ್ದ. ಒಂದೇ ಮೊಳೆಗೆ ಸಿಕ್ಕಿಸಿದ ಪಾನಾ ತನ್ನ ಭಾರಕ್ಕೆ ನೇರವಾಗಿ ಇಳಿಬೀಳುತ್ತದೆ. ಪಕ್ಕದ್ದಕ್ಕೆ ತಾಗಿ ನಿಲ್ಲುತ್ತದೆ, ಪಕ್ಕದ್ದನ್ನು ಎಳೆದರೆ ಇದು ಕೆಳಗೆ ಬೀಳುತ್ತದೆ. ಒಂದು ಮಧ್ಯಾಹ್ನ 20-22 ಪಾನಾ ಮಾವನ ಹೆಬ್ಬೆರಳಿನ ಮೇಲೇ ಬಿತ್ತು. ಅವರು ಹೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನನಗೆ ತಲೆಕೆಟ್ಟದ್ದು ಬೇರೆ ವಿಷಯಕ್ಕೆ. ಹಾಗೆ ನೇರವಾಗಿ ತೂಗುತ್ತಿದ್ದ ಪಾನಾ ನಮ್ಮ ಮೂವರ ಕಣ್ಣಿಗೂ ಬಿದ್ದಿರಲಿಲ್ಲ. ಎದುರಿಗೇ ಇತ್ತು. ಓರೆಯಾಗಿರುವ ಇಪ್ಪತ್ತು ಪಾನಾಗಳ ನಡುವೆ ನೇರವಾಗಿರುವುದು ಒಂದು. ಎದ್ದು ಕಾಣಬೇಕಿತ್ತು, ಅಲ್ವಾ?

ಆಗ ಹಳೇ ಪಾಠ ನೆನಪಾಯಿತು. ಮನಃಶಾಸ್ತ್ರಜ್ಞೆ ಆನ್ ಟ್ರೀಸ್ಮನ್ ಮತ್ತು ಜೊತೆಗಾರ ಸ್ಟೀಫನ್ ಗೋರ್ಮಿಕನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೇ ಇದೆ. ನೇರ ಗೆರೆಗಳ ಗುಂಪಿನಲ್ಲಿ ಒಂದು ಓರೆ ಗೆರೆ ಇದ್ದರೆ ತಟ್ಟನೆ ಸಿಗುತ್ತದೆ. ಓರೆ ಗೆರೆಗಳ ಗುಂಪಿನಲ್ಲಿ ಒಂದು ನೇರ ಗೆರೆ ಇದ್ದರೆ ತಡವಾಗುತ್ತದೆ. ಎರಡೂ ಕಡೆ ಕೋನದ ವ್ಯತ್ಯಾಸ ಒಂದೇ, ಆದರೂ ಹುಡುಕಾಟ ಒಂದೇ ಅಲ್ಲ. ಅವರು ಕೊಟ್ಟ ವಿವರಣೆ ಹೀಗೆ: ನಮ್ಮ ನೋಟಕ್ಕೆ ನೇರ ಅನ್ನುವುದು ಮಾಮೂಲಿ ಸ್ಥಿತಿ. ಓರೆ ಅಂದರೆ ಆ ಮಾಮೂಲಿಯ ಮೇಲೆ ಸೇರಿದ ಇನ್ನೊಂದು ಗುಣ. ಹೆಚ್ಚಿಗೆ ಏನೋ ಇರುವುದು ಬೇಗ ಕಾಣುತ್ತದೆ, ಏನೋ ಇಲ್ಲದಿರುವುದು ಬೇಗ ಕಾಣುವುದಿಲ್ಲ.

ಇದೇ ಮಾತಿಗೆ ಟ್ರೀಸ್ಮನ್ 1985ರಲ್ಲಿ ಬರಿ ವೃತ್ತ ಮತ್ತು ಗೆರೆ ಸೇರಿಸಿದ ವೃತ್ತಗಳನ್ನು ಬಳಸಿದ್ದರು. ಕನ್ನಡದಲ್ಲಿ ಬೇಕಾದರೆ ಮನೆಯಲ್ಲೇ ಮಾಡಿ ನೋಡಬಹುದು. ಒಂದು ಹಾಳೆ ತುಂಬ "ರ" ಬರೆದು ನಡುವೆ ಒಂದು "ಠ" ಇಡಿ. ಇನ್ನೊಂದು ಹಾಳೆ ತುಂಬ "ಠ" ಬರೆದು ನಡುವೆ ಒಂದು "ರ" ಇಡಿ. ಮಗಳ ಮೇಲೆ ಮಾಡಿದೆ. ಮೊದಲನೆಯದಕ್ಕೆ ನಕ್ಕಳು, ಎರಡನೆಯದಕ್ಕೆ ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು.

ಮುಂದಿನ ಭಾನುವಾರ ಗ್ಯಾರೇಜಿನಲ್ಲೂ ಮಾಡಿದೆ. ಖಾರ ಮಂಡಕ್ಕಿ, ಮಿರ್ಚಿ, ಚಹಾ ತರಿಸಿ, ಎರಡು ಹಾಳೆಗಳಲ್ಲಿ 24 ಗೆರೆ ಎಳೆದು ಮುಂದಿಟ್ಟೆ. ಒಂದರಲ್ಲಿ 23 ನೇರ, 1 ಓರೆ. ಇನ್ನೊಂದರಲ್ಲಿ ತಿರುಗುಮುರುಗು. ಹಾಳೆಯನ್ನು ದಿನಪತ್ರಿಕೆಯಿಂದ ಮುಚ್ಚಿಟ್ಟು, ತೆಗೆದ ತಕ್ಷಣ ಸ್ಟಾಪ್‌ವಾಚ್. ಮಾವನಿಗೂ ಹುಡುಗನಿಗೂ ಓರೆ ಗೆರೆ ತಕ್ಷಣ ಸಿಕ್ಕಿತು. ನೇರ ಗೆರೆಗೆ ಇಬ್ಬರೂ ಒಂದು ಕ್ಷಣ ತಡವರಿಸಿದರು. ಮಾವ ಮಿರ್ಚಿ ಕಚ್ಚುತ್ತಾ, "ಇದು ನಮ್ಮಪ್ಪಗ ಗೊತ್ತಿತ್ತಲೇ" ಅಂದರು.

ಅವರ ಅಪ್ಪ ಇಲ್ಲಿನ ಕಾಟನ್ ಮಿಲ್ಲೊಂದರಲ್ಲಿ ಮಗ್ಗದ ಮುಂದೆ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಮಗ್ಗದ ಮೇಲೆ ಹಾಸಿನ ಎಳೆಗಳು ಸಾವಿರಾರು, ಎಲ್ಲವೂ ಬಿಗಿಯಾಗಿ ಒಂದೇ ದಿಕ್ಕಿಗೆ. ಒಂದು ಎಳೆ ಹರಿದರೆ ಜೋತುಬಿದ್ದು ಅಡ್ಡ ಹೋಗುತ್ತದೆ. ಅಜ್ಜ ಎಳೆ ಎಣಿಸುತ್ತಿರಲಿಲ್ಲವಂತೆ. "ಹರಿದಿದ್ದು ತಾನೇ ಕರೀತೈತಿ" ಅನ್ನುತ್ತಿದ್ದರಂತೆ. ನಾನು ಮೂರು ವರ್ಷ ಓದಿದ್ದನ್ನು ಅಜ್ಜ ಮೂರು ಪದದಲ್ಲಿ ಮುಗಿಸಿದ್ದರು.

ಎರಡನೇ ಬೋರ್ಡ್, ಅಥವಾ ನನ್ನ ಅತಿಬುದ್ಧಿ

ಇಲ್ಲಿಗೆ ಎಲ್ಲವನ್ನೂ ನೇರ ಮಾಡಿ ಮುಗಿಸಬೇಕಿತ್ತು. ಮುಗಿಸಲಿಲ್ಲ. ಓರೆ ಅಷ್ಟು ಬೇಗ ಕಾಣುವುದಾದರೆ ಒಂದೊಂದು ಜಾತಿಯ ಸಾಮಾನಿಗೆ ಒಂದೊಂದು ಕೋನ ಕೊಟ್ಟರೆ ಹೇಗೆ ಅನ್ನಿಸಿತು. ಎರಡು ಬಾಯಿಯ ಪಾನಾ ನೇರ. ರಿಂಗ್ ಪಾನಾ ಬಲಕ್ಕೆ 20 ಡಿಗ್ರಿ. ಟಿ ಪಾನಾ ಬಲಕ್ಕೆ 40. ಸ್ಕ್ರೂಡ್ರೈವರ್ 60. ಇಕ್ಕಳ, ಪ್ಲೈಯರ್ ಎಡಕ್ಕೆ 20. ಎಲ್ ಕೀ ಎಡಕ್ಕೆ 40. ಮಾವನಿಗೆ "ರಿಂಗ್ ಪಾನಾ" ಅನ್ನಿಸಿದ ಕೂಡಲೇ ಕಣ್ಣು 20 ಡಿಗ್ರಿಗೆ ಹೋಗಿ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ. ಈ ಲೆಕ್ಕಕ್ಕೆ ಹಿಂಬಲವಾಗಿ ಹ್ಯೂಬೆಲ್ ಮತ್ತು ವೀಸೆಲ್ ನನ್ನ ತಲೆಯಲ್ಲಿದ್ದರು.

ಅವರ ಕತೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1950ರ ದಶಕದ ಕೊನೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಬೆಕ್ಕಿನ ಮೆದುಳಿನ ಒಂದು ಜೀವಕೋಶಕ್ಕೆ ತಂತಿ ಇಟ್ಟು, ಗಾಜಿನ ಸ್ಲೈಡಿನ ಮೇಲಿನ ಚುಕ್ಕೆ ತೋರಿಸುತ್ತಿದ್ದರು. ಕೋಶ ಉತ್ತರ ಕೊಡುತ್ತಿರಲಿಲ್ಲ. ಸ್ಲೈಡನ್ನು ಯಂತ್ರಕ್ಕೆ ತುರುಕುವಾಗ ಒಮ್ಮೆಲೇ ಕೋಶದ ಸಂಕೇತ ಪಟಪಟ ಸದ್ದಾಗಿ ಕೇಳಿಸಿತು. ಕೋಶಕ್ಕೆ ಬೇಕಿದ್ದದ್ದು ಚುಕ್ಕೆಯಲ್ಲ, ಸ್ಲೈಡಿನ ಅಂಚಿನ ನೆರಳು: ಒಂದು ನಿರ್ದಿಷ್ಟ ಓರೆಯಲ್ಲಿ ಸರಿಯುವ ಗೆರೆ. ಹೀಗೆ ಒಂದೊಂದು ಓರೆಗೆ ಸ್ಪಂದಿಸುವ ಕೋಶಗಳು ಇವೆ ಎಂದು ತಿಳಿಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಒಂದೊಂದು ಓರೆಗೂ ಕೋಶ ಇರುವಾಗ ಆರು ಕೋನ ಏನು ಮಹಾ ಅಂತ 40ಕ್ಕೂ ಹೆಚ್ಚು ಮೊಳೆ ಕಿತ್ತು ಮತ್ತೆ ಹೊಡೆದೆ. ಹಳೇ ತೂತುಗಳಿಗೆ ಮರದ ಪುಡಿ ಮತ್ತು ಗೋಂದು ಕಲಸಿ ತುಂಬಿದೆ. ಒಣಗೋಕೆ ಒಂದು ರಾತ್ರಿ ಬೇಕು, ನಾನು ಅರ್ಧ ಗಂಟೆಗೇ ಬಣ್ಣ ಬಳಿದು ಕೆಡಿಸಿಕೊಂಡೆ. ಬಣ್ಣ ಗುಂಡಿಗುಂಡಿಯಾಗಿ ಕುಸಿಯಿತು. ಜೊತೆಗೆ ಹಿಡಿಗಳಿಗೆ ಕೆಂಪು, ಹಸಿರು ಟೇಪು ಸುತ್ತಿದೆ. 10 ಎಂಎಂಗಿಂತ ಚಿಕ್ಕದಕ್ಕೆ ಹಸಿರು, ದೊಡ್ಡದಕ್ಕೆ ಕೆಂಪು.

ಗೋಡೆಗೆ ಏರಿಸಿ ಹಿಂದೆ ಸರಿದು ನೋಡಿದೆ. ಗಾಳಿಮಳೆಗೆ ಸಿಕ್ಕ ಮೆಕ್ಕೆಜೋಳದ ಹೊಲದ ಹಾಗೆ ಕಂಡಿತು. ಒಂದು ಅಲ್ಲಿ ವಾಲಿದೆ, ಒಂದು ಇಲ್ಲಿ ಮಲಗಿದೆ. ಮಾವ ಏನೂ ಅನ್ನಲಿಲ್ಲ. ಅದು ಬೈಯುವುದಕ್ಕಿಂತ ಕೆಟ್ಟದು.

ಅಳತೆ: 6 ಸೆಕೆಂಡು. ಮೊದಲನೇ ಬೋರ್ಡಿಗಿಂತ ಹಿಂದೆ.

ಯಾಕೆ ಹೀಗಾಯಿತು ಎಂಬುದಕ್ಕೆ ದೃಷ್ಟಿಯ ಮೇಲೆ ಸಂಶೋಧನೆ ಮಾಡುವ ಜೆರೆಮಿ ವೋಲ್ಫ್ ಮತ್ತು ಜೊತೆಯವರು 1992ರಲ್ಲೇ ಉತ್ತರ ಕೊಟ್ಟಿದ್ದರು. ನಾನು ಓದಿದ್ದು ಮೊಳೆ ಹೊಡೆದ ಮೇಲೆ. ಕಣ್ಣು ನೆಟ್ಟು ನೋಡಿದರೆ ಒಂದೆರಡು ಡಿಗ್ರಿ ಓರೆಯೂ ಗೊತ್ತಾಗುತ್ತದೆ. ಗಾರೆ ಕೆಲಸದವರು ತೂಗುಗುಂಡು ಹಿಡಿಯುವ ಮೊದಲೇ "ಗೋಡೆ ಹೊರಳೈತಿ" ಅನ್ನುತ್ತಾರಲ್ಲ, ಹಾಗೆ. ಆದರೆ ಎಲ್ಲಿ ನೋಡಬೇಕು ಎಂದು ಕಣ್ಣಿಗೆ ದಾರಿ ತೋರಿಸುವ ಮೊದಲ ನೋಟ ಅಷ್ಟು ಸೂಕ್ಷ್ಮ ಅಲ್ಲ. ಅದಕ್ಕೆ ಗೊತ್ತಿರುವುದು ನಾಲ್ಕೇ ಮಾತು: ನಿಂತಂತಿದೆ, ಮಲಗಿದಂತಿದೆ, ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಹುಡುಕುವ ವಸ್ತು ಇಂಥ ಒಂದು ಗುಂಪಿನಲ್ಲಿ ಒಂಟಿಯಾಗಿದ್ದರೆ ಬೇಗ ಸಿಗುತ್ತದೆ. ನನ್ನ ಬೋರ್ಡಿನಲ್ಲಿ 20, 40, 60 ಎಲ್ಲವೂ "ಬಲಕ್ಕೆ ವಾಲಿದೆ". ನೇರ ಇರುವುದೂ 20 ಇರುವುದೂ "ನಿಂತಂತಿದೆ". ರಿಂಗ್ ಪಾನಾಕ್ಕೆ ಅಂತ ಒಂಟಿ ಜಾಗವೇ ಇರಲಿಲ್ಲ. ಅದರ ಮೇಲೆ, ಸುತ್ತಲಿನವು ಒಂದೇ ಥರ ಇದ್ದಷ್ಟೂ ಹುಡುಕಾಟ ಸಲೀಸು, ಬೇರೆ ಬೇರೆ ಥರ ಇದ್ದಷ್ಟೂ ಕಷ್ಟ. ನಾನು ಸುತ್ತಲಿನವನ್ನು ಆರು ಥರ ಮಾಡಿದ್ದೆ!

ಟೇಪಿನ ಕತೆಯೂ ಕೆಟ್ಟಿತು. "ಓರೆ ಇರುವ ಕೆಂಪು" ಅಂತ ಎರಡು ಗುಣ ಸೇರಿಸಿ ಹುಡುಕುವಾಗ ವಸ್ತು ತಾನಾಗಿ ಎದ್ದು ಬರುವುದಿಲ್ಲ. ಟ್ರೀಸ್ಮನ್ 1980ರಲ್ಲೇ ತೋರಿಸಿದ್ದು ಇದು. ನಮ್ಮಲ್ಲಿ ಇನ್ನೊಂದು ವಿಷಯ ಹೊರಬಂತು. ಹುಡುಗ ಪದೇ ಪದೇ ತಪ್ಪು ಪಾನಾ ಕೊಡುತ್ತಿದ್ದ. ಮೂರನೇ ದಿನ ಮೆಲ್ಲಗೆ ನನ್ನ ಹತ್ತಿರ ಬಂದು, "ಅಣ್ಣಾ, ನಂಗೆ ಈ ಕೆಂಪು-ಹಸಿರು ಸರಿಯಾಗಿ ಗೊತ್ತಾಗಲ್ಲ" ಅಂದ. ಅದನ್ನು ಮಾವನ ಮುಂದೆ ಹೇಳೋಕೆ ಸಂಕೋಚಪಟ್ಟಿದ್ದ. ನಾನು ಸುಮ್ಮನೆ ಟೇಪು ಕಿತ್ತುಹಾಕಿದೆ. ಅಂಟು ಮಾತ್ರ ಇನ್ನೂ ಪಾನಾಗಳ ಮೇಲಿದೆ.

ಮೂರನೇ ಬೋರ್ಡ್

ಈ ಸಲ ಪ್ಲೈವುಡ್ ಅನ್ನೇ ತಿರುಗಿಸಿ ಹಿಂಬದಿಗೆ ಹೊಸದಾಗಿ ಬಣ್ಣ ಹೊಡೆದೆ. ಒಣಗೋಕೆ ಎರಡು ದಿನ ಬಿಟ್ಟೆ. ಎತ್ತರವನ್ನೂ ಇಳಿಸಿದೆ. ಮೊದಲು ನಾನು ನಿಂತ ಎತ್ತರಕ್ಕೆ ಹಾಕಿದ್ದೆ. ಮಣೆ ಮೇಲೆ ಕೂತ ಮಾವನಿಗೆ ಮೇಲಿನ ಸಾಲು ಕೆಳಗಿನಿಂದ ನೋಡಿದ ಹಾಗೆ ಮೊಟಕಾಗಿ ಕಾಣುತ್ತಿತ್ತು. ಈಗ ಬೋರ್ಡಿನ ನಡುಸಾಲು ಕೂತವರ ಕಣ್ಣಿನ ಮಟ್ಟಕ್ಕಿದೆ.

ಪಾನಾ ಎಲ್ಲ ನೇರ. ಸ್ಕ್ರೂಡ್ರೈವರ್ ಮತ್ತು ಎಲ್ ಕೀ ಬೋರ್ಡಿನ ಬುಡದಲ್ಲಿ ಒಂದು ಮರದ ಪಟ್ಟಿಯ ಮೇಲೆ ಪೂರ್ತಿ ಅಡ್ಡ. ನಿಂತದ್ದು ಒಂದು ಗುಂಪು, ಮಲಗಿದ್ದು ಒಂದು ಗುಂಪು. ಓರೆಯನ್ನು ಯಾವ ಸಾಮಾನಿಗೂ ಕೊಡಲಿಲ್ಲ, ಒಂದು ಸುದ್ದಿಗೆ ಮಾತ್ರ ಉಳಿಸಿಕೊಂಡೆ: "ಈ ಜಾಗ ಖಾಲಿ".

ಅದಕ್ಕೆ ಮಾಡಿದ ಉಪಾಯ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು. ಹಳೇ ಪೇಂಟ್ ಡಬ್ಬದ ತಗಡಿನಿಂದ 6 ಇಂಚು ಉದ್ದ, ಮುಕ್ಕಾಲು ಇಂಚು ಅಗಲದ ಪಟ್ಟಿಗಳನ್ನು ಕತ್ತರಿಸಿದೆ. ಅಂಚನ್ನು ಅರದಿಂದ ಉಜ್ಜಿದೆ. ಉಜ್ಜದಿದ್ದರೆ ಬೆರಳು ಕೊಯ್ಯುತ್ತದೆ, ಗೊತ್ತಾದದ್ದು ಕೊಯ್ದ ಮೇಲೆ. ಪಟ್ಟಿಯ ನಡುವೆ ತೂತು. ಅದಕ್ಕೆ ಮೊಳೆ, ಹಿಂದೆ ಮುಂದೆ ಒಂದೊಂದು ವಾಷರ್, ಒಂದು ಹನಿ ಆಯಿಲ್. ಪಟ್ಟಿ ಮೊಳೆಯ ಸುತ್ತ ಸಲೀಸಾಗಿ ತಿರುಗಬೇಕು. ಕೆಳತುದಿಗೆ ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಕೊಕ್ಕೆ, ಪಾನಾ ತೂಗುವುದು ಅದಕ್ಕೆ. ಮೇಲ್ತುದಿಯ ಬಲ ಅಂಚಿಗೆ ಒಂದು ಸಣ್ಣ ನಟ್ಟು.

ಪಾನಾ ಕೊಕ್ಕೆಯಲ್ಲಿದ್ದರೆ ಅದರ ಭಾರಕ್ಕೆ ಪಟ್ಟಿ ಲೋಲಕದ ಹಾಗೆ ನೇರ ನಿಲ್ಲುತ್ತದೆ. ಪಾನಾ ತೆಗೆದರೆ ಮೇಲಿನ ನಟ್ಟಿನ ಭಾರ ಗೆದ್ದು ಪಟ್ಟಿ ಬಲಕ್ಕೆ ವಾಲುತ್ತದೆ. 45 ಡಿಗ್ರಿಗೆ ಇನ್ನೊಂದು ಮೊಳೆ ತಡೆ ಇದೆ, ಅಲ್ಲಿ ಟಕ್ ಅಂತ ನಿಲ್ಲುತ್ತದೆ. ಬಣ್ಣ ಬೇಕಿಲ್ಲ, ಬ್ಯಾಟರಿ ಬೇಕಿಲ್ಲ. ನೇರ ಪಟ್ಟಿಗಳ ಸಾಲಿನಲ್ಲಿ ಒಂದು ಓರೆ ಅಂದರೆ ಒಂದು ಪಾನಾ ಹೊರಗಿದೆ. "ಇಲ್ಲ" ಅನ್ನುವುದನ್ನು "ಇದೆ" ಮಾಡಿದ ಹಾಗಾಯಿತು. ಖಾಲಿ ಜಾಗವನ್ನು ಹುಡುಕುವ ಬದಲು ಓರೆ ಪಟ್ಟಿಯನ್ನು ನೋಡಿದರೆ ಸಾಕು.

ಮೊದಲ ದಿನವೇ 6-7 ಪಾನಾ ಕೈಕೊಟ್ಟಿತು. ಅದು ಹಗುರ. ಅದು ಕೊಕ್ಕೆಯಲ್ಲಿದ್ದರೂ ಪಟ್ಟಿ ಸ್ವಲ್ಪ ವಾಲಿಯೇ ಇರುತ್ತಿತ್ತು. ಅಲ್ಲೇ ಇದ್ದ ಪಾನಾಕ್ಕೆ ಹುಡುಗ ಹುಡುಕಾಡುತ್ತಿದ್ದ. ನಟ್ಟು ತೆಗೆದು ತೆಳು ವಾಷರ್ ಅಂಟಿಸಿದೆ, ಸರಿಹೋಯಿತು. 8-9ಕ್ಕೂ ಹಾಗೇ ಮಾಡಿದೆ. ಸ್ವಲ್ಪ ವಾಲಿದ್ದು ಪೂರ್ತಿ ಓರೆಯಷ್ಟೇ ಕಣ್ಣು ಸೆಳೆಯುವುದಿಲ್ಲ. ಪ್ರಯೋಗಗಳಲ್ಲಿ ಓರೆ ತಾನಾಗಿ ಎದ್ದು ಕಾಣಬೇಕಾದರೆ ಸುಮಾರು 15 ಡಿಗ್ರಿಯಾದರೂ ವ್ಯತ್ಯಾಸ ಬೇಕು. ನಾನು 45 ಇಟ್ಟದ್ದು ಅದಕ್ಕೇ.

15 ಅಂದಾಗ ಇನ್ನೊಂದು ಸಂಗತಿ. ಎರಡು ಬಾಯಿಯ ಪಾನಾದ ಬಾಯಿ ಹಿಡಿಗೆ ನೇರವಾಗಿರುವುದಿಲ್ಲ, ಸಾಮಾನ್ಯವಾಗಿ 15 ಡಿಗ್ರಿ ಓರೆ ಇರುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಸ್ವಲ್ಪ ತಿರುಗಿಸಿ, ಪಾನಾವನ್ನು ಮಗುಚಿ ಮತ್ತೆ ಹಿಡಿಯೋಕೆ ಅಂತ. ಮಾವ ದಿನವೂ ಮಾಡುವ ಕೆಲಸ ಅದು. ಬೋರ್ಡಿನ ಮೇಲೆ ಅದೇ ತಲೆನೋವಾಯಿತು. ಒಂದು ಪಾನಾ ಹಿಂದುಮುಂದಾಗಿ ನೇತಾಡಿದರೆ ಬಾಯಿ ಎಡಕ್ಕೆ ವಾಲುವ ಬದಲು ಬಲಕ್ಕೆ ವಾಲುತ್ತದೆ. ಹಿಡಿ ನೇರವಾಗಿದ್ದರೂ ಸಾಲು ಕಲಕಿದಂತೆ ಕಾಣುತ್ತದೆ. ಆಮೇಲೆ ಒಂದು ನಿಯಮ ಮಾಡಿದೆವು: ಅಂಕಿ ಇರುವ ಮುಖ ಹೊರಗೆ, ಚಿಕ್ಕ ಬಾಯಿ ಮೇಲೆ. ಅಂಕಿ ತಲೆಕೆಳಗಾದರೆ ಇನ್ನೂ ಅನಾಹುತ. 16 ತಿರುಗಿಸಿದರೆ 91, 18 ತಿರುಗಿಸಿದರೆ 81. ಗ್ರೀಸು ಮೆತ್ತಿದ ಅಂಕಿಯನ್ನು ತಲೆಕೆಳಗಾಗಿ ಓದೋಕೆ ಹೋಗಿ ಹುಡುಗ ಕತ್ತು ಹೊರಳಿಸುತ್ತಿದ್ದ.

ಒಂದು ಸೋಲು ಒಪ್ಪಿಕೊಳ್ಳಬೇಕು. 12-13ಕ್ಕೂ 14-15ಕ್ಕೂ ನಡುವಿನ ಗೊಂದಲಕ್ಕೆ ಕೋನದಿಂದ ಏನೂ ಉಪಯೋಗವಾಗಲಿಲ್ಲ. ಎರಡೂ ನೇರ, ಎರಡೂ ಒಂದೇ ಆಕಾರ. ಅದಕ್ಕೆ ಸಿಕ್ಕಿದ ಮದ್ದು ಹಳೆಯದೇ: ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುವುದು, ಜಾಗ ಬದಲಿಸದಿರುವುದು. ಕೆಳತುದಿಗಳು ಮೆಟ್ಟಿಲಿನ ಹಾಗೆ ಇಳಿಯುತ್ತಾ ಹೋಗುತ್ತವೆ. ಅದಲುಬದಲಾದರೆ ಮೆಟ್ಟಿಲು ಮುರಿದು ಕಾಣುತ್ತದೆ. ಎರಡು ವಾರ ಕಳೆದ ಮೇಲೆ ಅಳೆದರೆ 3 ಸೆಕೆಂಡು ಬಂತು. ಆದರೆ ಆ ಹೊತ್ತಿಗೆ ಮಾವ ಬೋರ್ಡ್ ನೋಡುತ್ತಲೇ ಇರಲಿಲ್ಲ. ಕಣ್ಣು ಚೈನಿನ ಮೇಲೆ, ಕೈ ತಾನಾಗಿ ನಾಲ್ಕನೇ ಕೊಕ್ಕೆಗೆ. ಹಾಗಾಗಿ ಈ 3 ಸೆಕೆಂಡಿನಲ್ಲಿ ನನ್ನ ಪಾಲು ಎಷ್ಟು, ಅವರ ಅಭ್ಯಾಸದ ಪಾಲು ಎಷ್ಟು ಅಂತ ಬೇರ್ಪಡಿಸಲಾರೆ.

ಪಟ್ಟಿಗಳ ನಿಜವಾದ ಕೆಲಸ ರಾತ್ರಿ ಎಂಟೂವರೆಗೆ, ಶಟರ್ ಎಳೆಯುವ ಮೊದಲು. ಮೊದಲು ಹುಡುಗ ಎಲ್ಲವನ್ನೂ ಎಣಿಸುತ್ತಿದ್ದ. ಈಗ ಲೈಟ್ ಆರಿಸುವ ಮುಂಚೆ ಒಂದು ಸಲ ತಿರುಗಿ ನೋಡುತ್ತಾನೆ. ಕಳೆದ ಗುರುವಾರ 10-11ರ ಪಟ್ಟಿ ಓರೆಯಾಗಿತ್ತಂತೆ. ಮಾವ ಆ ದಿನ ಬಂದ ಗಿರಾಕಿಗಳಿಗೆಲ್ಲ ಫೋನ್ ಮಾಡಿದರು. ಹರಿಹರದ ಕಡೆಯವರೊಬ್ಬರು ಬ್ಯಾಟರಿ ಮುಚ್ಚಳ ತೆಗೆದು ನೋಡಿ, "ಹೌದ್ರಿ, ಇಲ್ಲೇ ಐತಿ, ನಾಳೆ ತರ್ತೀನಿ" ಅಂದರು. ಶುಕ್ರವಾರ ಬರಲಿಲ್ಲ, ಶನಿವಾರವೂ ಇಲ್ಲ. ಈ ಭಾನುವಾರ ನಾನು ಹೋದಾಗಲೂ ಪಟ್ಟಿ ವಾಲಿಕೊಂಡೇ ಇತ್ತು.

"ಆ ತಗಡನ್ನ ಸ್ವಲ್ಪ ನೆಟ್ಟಗೆ ಮಾಡೋ" ಅಂದರು ಮಾವ. "ಎಷ್ಟು ಸಲ ಅಂತ ನೋಡ್ಲಿ, ಕಣ್ಣು ಅಲ್ಲಿಗೇ ಹೋಗ್ತೈತಿ."

ನಾನು ಮಾಡಲಿಲ್ಲ.